ಹೊರಗೆ ಹೋದ ಬಾಬ್ತು

ಹಳೇಕೋಟೆ
9 ಮಾರ್ಚ್ 2025

ಅಕ್ಕ,

ಇಲ್ಲಿ ಎಲ್ಲರೂ ಇದ್ದೇವೆ. ಹೇಗಿದ್ದೇವೆ ಅನ್ನುವುದು ಕಾಗದ ಓದಿದರೆ ನಿಮಗೇ ತಿಳಿಯುತ್ತದೆ.

ಫೋನ್ ಮಾಡುವ ಹಾಗಿಲ್ಲ. ಇವರು ಸಂಜೆ ನನ್ನ ಫೋನ್ ಕೈಗೆ ತೆಗೆದುಕೊಂಡು ಯಾರ ಜೊತೆ ಮಾತಾಡಿದೆ ಅಂತ ನೋಡುತ್ತಾರೆ. ಶಾಂತಿಗ್ರಾಮದಲ್ಲಿ ರವೀಂದ್ರ ಭಾವನವರೂ ಹಾಗೇ ಅಂತ ಗೊತ್ತು. ಅಣ್ಣತಮ್ಮಂದಿರು ಭಾಗವಾಗಿ ಹತ್ತು ತಿಂಗಳಾಯಿತು, ವಾರಗಿತ್ತಿಯರ ಮಾತಿಗೂ ಗೋಡೆ ಕಟ್ಟಿಬಿಟ್ಟರು. ಅದಕ್ಕೇ ಇದನ್ನು ಹಸುವಿನ ಕಿವಿಗೆ ಹಾಕುವ ನಂಬರ್ ಓಲೆಯ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದೇನೆ. ಎರಡೂ ಮನೆಯ ಹಸು ಸಾಗಿಸುವ ವ್ಯಾನಿನ ಮಾದಯ್ಯನಿಗೆ ಹೇಳಿದೆ. "ಕಿವಿಗಾಕೋ ಓಲೆ ಜೊತೆ ಬರೆಯೋ ಓಲೆನೂ ಓಗ್ಲಿ ಬುಡಿ ಅವ್ವಾರೆ, ನಾನೇನು ಬಿಚ್ಚಿ ನೋಡಾಕಿಲ್ಲ" ಅಂದ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ವಿಡಿಯೋ ಇಟ್ಟಿರುವ ಕ್ಲೌಡಿನ ಬಿಲ್ಲು ಬಂದಿದೆ, ಹೋದ ತಿಂಗಳಿಗಿಂತ ಎರಡರಷ್ಟು. ಇಟ್ಟುಕೊಂಡ ಬಾಬ್ತು ಬೆರಳುದ್ದ, ಹೊರಗೆ ಹೋದ ಬಾಬ್ತು ಮೊಳದುದ್ದ. ಏನಕ್ಕ ಅದು ಹೊರಗೆ ಹೋದದ್ದು? ನಾವು ಹಾಲು ಕರೆಯುವ ವಿಡಿಯೋ ತೆಗೆದು ಹಾಕುತ್ತೇವೆ, ಕೇರಳದವರು, ಸೇಲಂನವರು ನೋಡಿ ಹಸು ಕೊಳ್ಳುತ್ತಾರೆ. ಹಸುವಾದರೂ ಮಾರಿದ ಮೇಲೆ ಹೊರಗೆ ಹೋಗುತ್ತದೆ, ವಿಡಿಯೋ ಎಲ್ಲಿಗೆ ಹೋಗುತ್ತದೆ? ಇವರಂತೂ "ನಿಮ್ಮಕ್ಕ ಆ ಕಡೆ ಕುಂತು ನಮ್ದನ್ನೆಲ್ಲ ಎಳ್ಕತಾವ್ಳೆ ಕಣೆ" ಅಂತ ಊಟಕ್ಕೆ ಕೂತಾಗಲೆಲ್ಲ ಶುರು ಮಾಡುತ್ತಾರೆ. ಹೀಗೇ ಆದರೆ ಹಸು ವ್ಯಾಪಾರವೇ ಬೇಡ ಅನ್ನುತ್ತಾರೆ. ನನಗೆ ಕಂಪ್ಯೂಟರ್ ಹೇಳಿಕೊಟ್ಟವರು ನೀವು, ಇದನ್ನೂ ಹೇಳಿಕೊಡಿ.

ನಿಸರ್ಗ

*

ಶಾಂತಿಗ್ರಾಮ
13 ಮಾರ್ಚ್ 2025

ನಿಸರ್ಗ,

ನಿನ್ನ ಗಂಡನಿಗೆ ಹೇಳು, ಎಳೆಯುವ ಹಾಗಿದ್ದರೆ ನಿಮ್ಮ ಕೊಟ್ಟಿಗೆಯ ಆ ಬೆಳ್ಳಿ ಹಸುವನ್ನು ಎಳೆದುಕೊಂಡು ಬರುತ್ತಿದ್ದೆ, ವಿಡಿಯೋ ಯಾರಿಗೆ ಬೇಕು.

ನಮ್ಮ ಬಿಲ್ಲೂ ಹಾಗೇ ಬಂದಿದೆ. ಕ್ಲೌಡಿನ ರೀತಿ ಹೀಗೆ: ಒಳಗೆ ಹಾಕುವಾಗ ಒಂದು ಪೈಸೆ ಕೇಳುವುದಿಲ್ಲ. ಇಟ್ಟುಕೊಳ್ಳುವುದಕ್ಕೆ ಸ್ವಲ್ಪ ಬಾಡಿಗೆ. ವಿಡಿಯೋ ಇಟ್ಟ ಕಂಪ್ಯೂಟರ್ ಇರುವ ಒಂದೇ ಊರೊಳಗೆ ಓಡಾಡಿದರೂ ಕೇಳುವುದಿಲ್ಲ. ಆ ಊರು ಬಿಟ್ಟು ಹೊರಟಿತೋ, ನಮ್ಮೂರ ಟೋಲ್‌ಗೇಟಿನ ಹಾಗೆ ನಿಲ್ಲಿಸಿ ವಸೂಲು ಮಾಡುತ್ತಾರೆ. ಗಿರಾಕಿ ಒಂದು ಸಲ ನೋಡಿದರೆ ವಿಡಿಯೋ ಒಂದು ಸಲ ಹೊರಗೆ ಹೋದ ಹಾಗೆ. ನೋಡಿದಷ್ಟು ಸಲ, ವಿಡಿಯೋ ಎಷ್ಟು ದಪ್ಪ ಇದೆಯೋ ಅಷ್ಟು.

ಅದರ ಮೇಲೆ ನಮ್ಮ ಮನೆಯವರ ಘನಕಾರ್ಯ. ಭಾಗದ ದಿನ ಪಟ್ಟಿ ಬರೆದ ಬೋರಪ್ಪನವರು ಕ್ಲೌಡನ್ನು ಚರ ಸ್ವತ್ತಿನಲ್ಲಿ, ತಾಮ್ರದ ಹಂಡೆಯ ಕೆಳಗೆ ಬರೆದು ಅರ್ಧ ಅರ್ಧ ಅಂದರು. ಇಬ್ಬರದೂ ಒಂದೇ ಊರಲ್ಲಿ ಇರಕೂಡದು ಅಂತ ಅಣ್ಣತಮ್ಮ ಪಟ್ಟು ಹಿಡಿದರು. ನಾನು ನಮ್ಮದನ್ನು ಮುಂಬೈಯಲ್ಲಿ ಬಿಟ್ಟು ನಿಮ್ಮದನ್ನು ಹೈದರಾಬಾದಿಗೆ ಸಾಗಿಸಿದೆ. ಗಿರಾಕಿ ನೋಡುವ ಪೇಜು ಮಾತ್ರ ಒಂದೇ, ಅದು ಮುಂಬೈಯಲ್ಲಿದೆ. ಹಾಗಾಗಿ ನಿಮ್ಮ ಹಸುವಿನ ವಿಡಿಯೋ ಹೈದರಾಬಾದ್ ಬಿಡುವಾಗ ಒಂದು ಟೋಲು ನಿಮಗೆ, ಮುಂಬೈ ಬಿಡುವಾಗ ಇನ್ನೊಂದು ನಮಗೆ. ಎರಡನ್ನೂ ಒಂದು ಕಡೆ ತಂದರೆ ಮೊದಲನೆಯ ಟೋಲು ತಪ್ಪುತ್ತದೆ. ಆ ಮಾತನ್ನು ಈ ಮನೆಯಲ್ಲಿ ಎತ್ತುವ ಧೈರ್ಯ ನನಗಿಲ್ಲ. ಅದೇ ಪಟ್ಟಿಯಲ್ಲಿ ಮಾವ ನಮ್ಮ ಪಾಲು, ಅತ್ತೆ ನಿಮ್ಮ ಪಾಲು ಅಂತಲೂ ಬರೆದರಲ್ಲ, ಅದನ್ನೇ ಯಾರೂ ಎತ್ತಲಿಲ್ಲ.

ಸದ್ಯಕ್ಕೆ ಇಷ್ಟು ಮಾಡು. ಪ್ರತಿ ವಿಡಿಯೋಗೂ ಒಂದು ಸಣ್ಣ ನಕಲು ಮಾಡಿ ಹಾಕು, ನಮ್ಮದಕ್ಕೆ ನಾನೂ ಮಾಡುತ್ತೇನೆ, ಪೇಜಿನಲ್ಲಿ ಅದೇ ಓಡಲಿ. ಕೆಚ್ಚಲಿನ ನರ ಬಿಡಿಸಿ ನೋಡಬೇಕು ಅನ್ನುವವರಿಗೆ "ದೊಡ್ಡದು ನೋಡಿ" ಅಂತ ಒಂದು ಬಟನ್ ಇಡುತ್ತೇನೆ. ಮಾರಿಹೋದ ಹಸುಗಳನ್ನು ಪೇಜಿನಿಂದ ತೆಗೆ.

ಬೇಗ ಮಾಡು ನಿಸರ್ಗ, ನನಗೆ ಕಾರಣವಿದೆ. ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠಕ್ಕೆ ನನ್ನನ್ನು ತೆಗೆದುಕೊಂಡಿದ್ದಾರೆ. ಹುಡುಗಿಯರ ಹಾಸ್ಟೆಲ್ ನೋಡಿಕೊಂಡು ಅಲ್ಲೇ ಇರಬೇಕು, ಭಾನುವಾರಕ್ಕೆ ಮನೆಗೆ ಬರಬಹುದು. ಜೂನ್ ಎರಡಕ್ಕೆ ಸೇರಬೇಕು. ನಿನ್ನ ಭಾವ ಅಪ್ಪನನ್ನು ಕೇಳು ಅಂದರು. ಮಾವನನ್ನು ಕೇಳಿದರೆ "ಮದ್ಲು ಈ ಬಿಲ್ಲು ಇಳ್ಸವ್ವ, ಆಮೇಲೆ ಓಗೀಯಂತೆ" ಅಂದರು. ಈ ಮನೆಗೆ ಸೊಸೆಯಾಗಿ ಬಂದಾಗ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ, ಬಾ ಅಂದರು ಬಂದೆ. ಈಗ ಬಿಲ್ಲು ಇಳಿದರೆ ಮಾತ್ರ ನನಗೆ ಬಾಗಿಲು.

ಸ್ನೇಹಲತಾ

*

ಹಳೇಕೋಟೆ
2 ಏಪ್ರಿಲ್ 2025

ಅಕ್ಕ,

ನೀವು ಹೇಳಿದ್ದೆಲ್ಲ ಮಾಡಿದೆ. ಕಣ್ಣು ಕೆಂಪಾಗುವವರೆಗೆ ಕೂತು ಎಲ್ಲ ಹಸುವಿಗೂ ಸಣ್ಣ ನಕಲು ಮಾಡಿದೆ. ಮಾರಿದ್ದನ್ನು ತೆಗೆದೆ. ಒಂದು ವಾರ ಇಳಿಯಿತು, ಆಮೇಲೆ ಯಥಾಪ್ರಕಾರ ಏರಿತು. ಯಾಕೋ ತಿಳಿಯದು. ನನ್ನ ಕಡೆಯಿಂದ ಏನೂ ತಪ್ಪಿಲ್ಲ.

ಕೆಲಸ ಸಿಕ್ಕಿದ್ದು ಕೇಳಿ ಸಂತೋಷವಾಯಿತು ಅಂತ ಬರೆಯಬೇಕು. ಆಯಿತು. ಆದರೆ ಚನ್ನರಾಯಪಟ್ಟಣಕ್ಕೆ ಮಾದಯ್ಯನ ವ್ಯಾನು ಹೋಗುವುದಿಲ್ಲ. ನನಗೆ ಇಲ್ಲಿ ಮಾತಾಡಲಿಕ್ಕೆ ಹಸು ಬಿಟ್ಟರೆ ಯಾರಿದ್ದಾರೆ? ಇವರು ಬಾಯಿ ತೆಗೆದರೆ ಬಿಲ್ಲು. ಅತ್ತೆಗೆ ಬೆಳಿಗ್ಗೆ ಸಂಜೆ ಹಾಲು ಕರೆಯುವುದು, ಮಿಕ್ಕ ಹೊತ್ತೆಲ್ಲ ಟಿವಿ ಮುಂದೆ ಅವರ ಧಾರಾವಾಹಿ. ಊಟಕ್ಕೆ ಕರೆದರೂ ಏಳುವುದಿಲ್ಲ.

ಜೂನ್ ಎರಡು ಇನ್ನೂ ದೂರ ಇದೆ ಬಿಡಿ.

ನಿಸರ್ಗ

*

ಶಾಂತಿಗ್ರಾಮ
10 ಏಪ್ರಿಲ್ 2025

ನಿಸರ್ಗ,

ದೂರ ಇಲ್ಲ. ಬರುತ್ತೀರೋ ಇಲ್ಲವೋ ತಿಳಿಸಿ ಅಂತ ಕಾಲೇಜಿನಿಂದ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ನಿನ್ನ ಭಾವನವರೇ ತೆಗೆದು "ಮನೇಲಿ ಕೇಳಿ ಏಳ್ತೀವಿ" ಅಂದರು. ಮನೆಯಲ್ಲಿ ಕೇಳಬೇಕಾದವಳು ಎದುರಿಗೇ ಮುದ್ದೆ ಕಟ್ಟುತ್ತಿದ್ದೆ.

ಸಣ್ಣ ನಕಲು ಹಾಕಿದ ಮೇಲೂ ಬಿಲ್ಲು ಇಳಿಯಲಿಲ್ಲವೆಂದರೆ ನನಗೆ ನಂಬುವುದಕ್ಕೆ ಆಗುತ್ತಿಲ್ಲ. ಗಿರಾಕಿಗಳು ಅಷ್ಟೆಲ್ಲ ದೊಡ್ಡದು ನೋಡುವುದಿಲ್ಲ. ಎಲ್ಲೋ ಒಂದು ಕಡೆ ಬಿಟ್ಟಿದ್ದೀಯ, ಅಥವಾ ಮಾಡಿಲ್ಲ. ನಾನು ಹೋಗುವುದು ನಿನಗೆ ಇಷ್ಟವಿಲ್ಲ ಅಂತ ನಿನ್ನ ಕಾಗದವೇ ಹೇಳುತ್ತದೆ.

ಇನ್ನೊಂದು ಮಾತು, ನಿನ್ನ ಒಳ್ಳೆಯದಕ್ಕೆ. ಮಾವ ಈಗೀಗ ಆಫೀಸ್ ರೂಮಿನ ಟಿವಿಯಲ್ಲಿ ನಿಮ್ಮ ಹಸುಗಳನ್ನೇ ನೋಡುತ್ತಿರುತ್ತಾರೆ. ನಾನು ಒಳಗೆ ಹೋದರೆ "ಆ ಕಡೆ ದನ ಎಂಗವೆ ಅಂತ ನೋಡ್ತಿದ್ದೆ" ಅಂತ ರಿಮೋಟ್ ಒತ್ತಿಬಿಡುತ್ತಾರೆ. ನಿಮ್ಮ ಹಾಲಿನ ಅಳತೆ ತಿಳಿದುಕೊಂಡು ದರ ಒಡೆಯುವುದಕ್ಕೆ ಅಂತ ಕಾಣುತ್ತದೆ. ಹುಷಾರಾಗಿರು.

ಸ್ನೇಹಲತಾ

*

ಹಳೇಕೋಟೆ
13 ಏಪ್ರಿಲ್ 2025

ಸ್ನೇಹಲತಾ ಅಕ್ಕನವರಿಗೆ,

ನಾನು ಸುಳ್ಳಿ ಅಂತ ಆಯಿತಲ್ಲ, ಒಳ್ಳೆಯದು. ಮಾವ ನಮ್ಮ ದರ ಒಡೆಯಲಿ, ನೀವು ಪಾಠ ಮಾಡಲಿಕ್ಕೆ ಹೊರಡಿ. ನಮ್ಮ ಪಾಡು ನಮಗೆ. ಇನ್ನು ಮೇಲೆ ಈ ಡಬ್ಬಿಯಲ್ಲಿ ಕಿವಿ ಓಲೆ ಮಾತ್ರ ಬರುತ್ತದೆ.

ನಿಸರ್ಗ ಅಭಿಷೇಕ್

*

ಶಾಂತಿಗ್ರಾಮ
8 ಮೇ 2025

ನಿಸರ್ಗ,

ನಿನ್ನ ಹೆಸರಿನ ಪಕ್ಕ ಗಂಡನ ಹೆಸರು ನೋಡಿ ನನಗೆ ಎಷ್ಟು ಸಂಕಟವಾಯಿತು ಅಂದರೆ ಇಷ್ಟು ದಿನ ಪೆನ್ನು ಹಿಡಿಯಲಿಲ್ಲ. ಈಗ ಬರೆಯಲೇಬೇಕು. ನಿನ್ನ ಮೇಲೆ ಅನುಮಾನಪಟ್ಟದ್ದು ತಪ್ಪು ಕಣೆ. ಮಾವನ ಮೇಲೆ ಪಟ್ಟದ್ದೂ ತಪ್ಪು.

ಯಾವ ವಿಡಿಯೋವನ್ನು ಯಾವ ಕಡೆಯಿಂದ ಕೇಳಿದರು ಅನ್ನುವುದು ಕ್ಲೌಡಿನಲ್ಲಿ ದಾಖಲಾಗುತ್ತದೆ. ಮೊದಲೇ ನೋಡಬೇಕಿತ್ತು, ಗಿರಾಕಿಗಳೇ ಅಂದುಕೊಂಡು ನೋಡಿರಲಿಲ್ಲ. ಮೊನ್ನೆ ತೆಗೆದು ನೋಡಿದೆ. ಕೇರಳ, ಸೇಲಂ ಎಲ್ಲ ಸೇರಿದರೂ ಒಂದು ಹಿಡಿ. ಮಿಕ್ಕದ್ದೆಲ್ಲ ಎರಡೇ ಕಡೆಯಿಂದ, ದೊಡ್ಡದು ನೋಡಿ ಬಟನ್ ಒತ್ತಿ ಒತ್ತಿ. ಒಂದು ನಮ್ಮ ಆಫೀಸ್ ರೂಮು. ಇನ್ನೊಂದು ನಿಮ್ಮ ಮನೆ.

ನಮ್ಮ ರೂಮಿನಿಂದ ಹೋದ ಕೋರಿಕೆಯೆಲ್ಲ ನಿಮ್ಮ ಬೆಳ್ಳಿ ಹಸುವಿನದು. ಬೇರೆ ಹಸುಗಳನ್ನು ಮಾವ ಮುಟ್ಟಿಲ್ಲ. ದರ ಒಡೆಯುವವರು ಒಂದೇ ಹಸು ನೋಡುತ್ತಾರಾ? ನಾನೂ ಕೂತು ಆ ವಿಡಿಯೋ ಹಾಕಿದೆ. ಹಸುವಿನ ಪಕ್ಕ ಅತ್ತೆ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಾರೆ. ಸೆರಗು ಜಾರಿದರೆ ಮೊಣಕೈಯಲ್ಲಿ ಸರಿಮಾಡಿಕೊಳ್ಳುತ್ತಾರೆ. ಬೆಳ್ಳಿ ಬಾಲ ಬೀಸಿದಾಗ "ಸುಮ್ನಿರೇ" ಅನ್ನುತ್ತಾರೆ. ಮಾವ ಅಷ್ಟಕ್ಕೇ ಹಿಂದೆ ಎಳೆದು ಹಿಂದೆ ಎಳೆದು ಹಾಕಿದ್ದಾರೆ.

ನಿಮ್ಮ ಬಿಲ್ಲು ಏರಿಸಿದ್ದು ನಮ್ಮ ಮನೆಯ ಮಾವ. ನಮ್ಮ ಬಿಲ್ಲು ಏರಿಸಿದ್ದು ಯಾರು ಅಂತ ನಿನಗೆ ಮೊದಲೇ ಗೊತ್ತಿತ್ತು ಅಲ್ಲವೇ?

ಎರಡು ಮನೆಯ ಟಿವಿಗೂ ದೊಡ್ಡದು ಹೋಗದ ಹಾಗೆ ಮಾಡುವುದು ನನಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಮಾಡಿದರೆ ಬಿಲ್ಲು ಇಳಿಯುತ್ತದೆ, ನಾನು ಹೊರಡಬಹುದು. ಮೊನ್ನೆಯಿಂದ ಅದರ ಮುಂದೆ ಕೂತಿದ್ದೇನೆ. ಕೈ ಬರುತ್ತಿಲ್ಲ. ಮಾವನನ್ನು ಕಂಡರೆ ಕೋಪ ಬರುತ್ತದೆ, ನನ್ನ ಬಾಗಿಲಿಗೆ ಅಗಳಿ ಹಾಕಿದವರೂ ಅವರೇ, ಆ ಅಗಳಿಯನ್ನು ಒಳಗಿನಿಂದ ಹಿಡಿದು ಕೂತಿರುವವರೂ ಅವರೇ. ಆದರೂ ಕೈ ಬರುತ್ತಿಲ್ಲ.

ಅಕ್ಕ

*

ಹಳೇಕೋಟೆ
12 ಮೇ 2025

ಅಕ್ಕ,

ಗೊತ್ತಿತ್ತು. ಏಪ್ರಿಲ್‌ನಲ್ಲೇ ಗೊತ್ತಿತ್ತು. ಅತ್ತೆಯ ಧಾರಾವಾಹಿ ನಿಮ್ಮ ಕೊಟ್ಟಿಗೆಯದು. ಅದರಲ್ಲಿ ಮಾವ ಹಸುವಿನ ಹಗ್ಗ ಹಿಡಿದು ನಿಂತಿರುತ್ತಾರಲ್ಲ, ಅದನ್ನು ನೋಡುತ್ತಾರೆ. ಸಣ್ಣ ನಕಲು ಹಾಕಿದ ವಾರ "ಮಖ ಮಂಜುಮಂಜಾಗೈತೆ ಕಣವ್ವ, ನನ್ ಕಣ್ಣೇ ಓಯ್ತಾ" ಅಂತ ಗಾಬರಿಯಾದರು. ನಾನೇ ಬಟನ್ ಒತ್ತಿ ದೊಡ್ಡದು ಹಾಕಿಕೊಟ್ಟೆ. ಮಾರನೇ ದಿನ ಅವರೇ ಒತ್ತುವುದು ಕಲಿತರು. ಹಳೆಯದನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟರೆ ಖರ್ಚಿಲ್ಲ ಅಂತ ಅದನ್ನೂ ಮಾಡಿದೆ. "ನೆನ್ನೆದು ಕಟ್ಕಂಡು ಏನ್ ಮಾಡ್ಲಿ, ಇವತ್ತು ಎಂಗವ್ರೆ ಅಂತ ಗೊತ್ತಾಗ್ಬೇಡ್ವಾ" ಅಂದರು. ಅಕ್ಕ, ಅವರಿಗೆ ಹೇಳುವ ಬಾಯಿ ನನಗಿರಲಿಲ್ಲ. ನಿಮಗೆ ಹೇಳಿದರೆ ನೀವು ನಿಲ್ಲಿಸಿಬಿಡುತ್ತೀರಿ, ನಿಲ್ಲಿಸಿ ಹೊರಟುಬಿಡುತ್ತೀರಿ ಅಂತ ಸುಮ್ಮನಿದ್ದೆ. ಎರಡೂ ನಿಜ.

ಫೋನ್ ಮಾಡಿ ಅತ್ತೆ, ಮಾವನ ಜೊತೆ ಮಾತಾಡಿ ಅಂತ ಒಂದು ಸಲ ಹೇಳಿ ನೋಡಿದೆ. "ಅಂಡೆ ಜೊತೆ ನನ್ನೂ ಪಟ್ಟಿಲಿ ಬರ್ಸಿದ್ರಲ್ಲ, ಒಂದ್ ಮಾತು ಕೇಳಿದ್ರಾ? ನಾನ್ಯಾಕ್ ಮಾಡ್ಲಿ" ಅಂದರು. ಮಾವನೋ, ಇವರು ಭಾಗದ ದಿನ ಎದುರು ಮಾತಾಡಿದ್ದಕ್ಕೆ ಈ ಮನೆ ಹೊಸ್ತಿಲು ತುಳಿಯುವುದಿಲ್ಲ ಅಂದವರು.

ಈಗ ಕೆಟ್ಟ ಸುದ್ದಿ. ನಿಮ್ಮ ಕಾಗದ ಇವರ ಕೈಗೆ ಸಿಕ್ಕಿತು, ಅತ್ತೆಯ ಎದುರೇ ಗಟ್ಟಿಯಾಗಿ ಓದಿದರು. ನನಗೆ ಎರಡು ಮಾತು ಬಂತು, ಅದಿರಲಿ. ಟಿವಿಯ ನೆಟ್ಟು ಕಿತ್ತುಹಾಕಿದರು. ಅತ್ತೆ ಸಂಜೆ ಬಕೆಟ್ಟು ತೆಗೆದುಕೊಂಡು ಕೊಟ್ಟಿಗೆಗೆ ಹೋದವರು, ನಾನು ಫೋನ್ ಹಿಡಿದು ವಿಡಿಯೋ ತೆಗೆಯಲು ನಿಂತರೆ "ಅದ್ನ ಆ ಕಡೆ ಇಡು" ಅಂದರು. ಇನ್ನು ಅವರ ವಿಡಿಯೋ ಇಲ್ಲ. ಇವರು ಕೇಳಿದ್ದಕ್ಕೆ "ನನ್ ಕಣ್ಣು ಕಟ್ಬುಟ್ಟು ಅವರ್ ಕಣ್ಗೆ ಮಾತ್ರ ನಾನ್ಯಾಕ್ ಕಾಣ್ಲಿ" ಅಂದರು.

ನಿಮ್ಮ ಬಿಲ್ಲು ಈ ತಿಂಗಳು ಇಳಿಯುತ್ತದೆ ಅಕ್ಕ. ಹೋಗಿಬನ್ನಿ.

ನಿಸರ್ಗ

*

ಶಾಂತಿಗ್ರಾಮ
21 ಮೇ 2025

ನಿಸರ್ಗ,

ನೀನು ಬರೆದ ಹಾಗೆ ಬಿಲ್ಲು ಇಳಿಯುತ್ತಿದೆ, ದಿನಾ ನೋಡುತ್ತಿದ್ದೇನೆ. ನೋಡಿ ಸಂತೋಷಪಡುವ ಹಾಗಿಲ್ಲ.

ಮಾವ ಹೊಸ ವಿಡಿಯೋ ಬರುತ್ತದೆ ಅಂತ ದಿನಾ ಆಫೀಸ್ ರೂಮಿಗೆ ಹೋಗಿ ಕೂತು ಎದ್ದು ಬರುತ್ತಿದ್ದರು. ಊಟ ಸೇರುತ್ತಿರಲಿಲ್ಲ. ನೆನ್ನೆ ನಾನು ಬಟ್ಟೆ ಮಡಿಸುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ಆ ಕಡೆ ಇಡಿಯೋ ಯಾಕವ್ವ ಬತ್ತಿಲ್ಲ?"

"ತೆಗೀತಿಲ್ಲವಂತೆ ಮಾವ."

"ಆ ಬೆಳ್ಳಿ ಹಸ ಉಸಾರಾಗೈತಾ?"

"ಹಸು ಚೆನ್ನಾಗಿದೆ."

ಅವರು ಹೋಗಲಿಲ್ಲ. ಬಾಗಿಲು ಸವರುತ್ತ ನಿಂತೇ ಇದ್ದರು. ನನಗೆ ತಡೆಯಲಾಗಲಿಲ್ಲ ನಿಸರ್ಗ. ಹೇಳಿಬಿಟ್ಟೆ. "ಮಾವ, ಇಳಿಸು ಅಂದಿರಲ್ಲ ಬಿಲ್ಲು, ಅದನ್ನ ಏರಿಸಿದ್ದು ನೀವು. ನೀವು ಇಲ್ಲಿಂದ, ಅತ್ತೆ ಅಲ್ಲಿಂದ" ಅಂದೆ.

"ಅವ್ಳೂ ನೋಡ್ತಿದ್ಲಾ?" ಅಂದರು. ಆಮೇಲೆ "ನೆಟ್ಟು ಅನ್‌ಲಿಮಿಟೆಡ್ಡು ಅಂದಿದ್ರಲ್ಲ, ನೋಡದ್ಕೂ ದುಡ್ಡಾ?" ಅಂತ ಕೇಳಿದರು. ನೆಟ್ಟಿನವರಿಗೆ ಬೇರೆ, ಕ್ಲೌಡಿನವರಿಗೆ ಬೇರೆ ಅಂದೆ. ಅವರಿಗೆ ಎಷ್ಟು ಅರ್ಥವಾಯಿತೋ ಕಾಣೆ. ಹೋಗಿ ಮಲಗಿದರು.

ಈವತ್ತು ಬೆಳಿಗ್ಗೆ ಮಾದಯ್ಯ ಹಳೇಕೋಟೆ ಕಡೆಗೆ ವ್ಯಾನು ತಿರುಗಿಸಿದಾಗ ಮಾವ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಂದು ಹಿಂದೆ, ಹಸುಗಳ ನಡುವೆ ಹತ್ತಿ ನಿಂತರು. ನಿನ್ನ ಭಾವ ಎಲ್ಲಿಗೆ ಅಂದರೆ "ದನ ನೋಡ್ಕಂಡ್ ಬತ್ತೀನಿ" ಅಂದರು. ಮುಂದೆ ಕೂತುಕೊಳ್ಳಿ ಅಂತ ಮಾದಯ್ಯ ಅಂಗಲಾಚಿದರೂ ಇಳಿಯಲಿಲ್ಲ. ವ್ಯಾನು ಇನ್ನೂ ಹೊರಟಿಲ್ಲ, ಈ ಸಾಲುಗಳನ್ನು ನಿಂತೇ ಬರೆದು ಅದರಲ್ಲೇ ಇಡುತ್ತಿದ್ದೇನೆ. ಇದಕ್ಕಿಂತ ಮೊದಲು ಅವರು ನಿನ್ನ ಕಣ್ಣಿಗೆ ಬಿದ್ದಿರುತ್ತಾರೆ. ಅಭಿಷೇಕ್ ಏನಾದರೂ ಅಂದರೆ ನೀನು ಅಡ್ಡ ನಿಲ್ಲು.

ಸ್ನೇಹಲತಾ

*

ಹಳೇಕೋಟೆ
26 ಮೇ 2025

ಅಕ್ಕ,

ಅಡ್ಡ ನಿಲ್ಲುವ ಕೆಲಸ ಬೀಳಲಿಲ್ಲ. ಮಾವ ವ್ಯಾನಿನಿಂದ ಇಳಿದವರು ಮನೆ ಕಡೆ ತಿರುಗಿಯೂ ನೋಡದೆ ನೇರ ಕೊಟ್ಟಿಗೆಗೆ ಹೋದರು. ಇವರು ಓಡಿಹೋಗಿ "ಒಳಿಕ್ ಬಾ ಅಪ್ಪ" ಅಂದರು. "ಒಸ್ತಿಲು ತುಳಿಯಾಕಿಲ್ಲ ಅಂದಿವ್ನಿ, ತುಳಿಯಾಕಿಲ್ಲ. ಕೊಟ್ಗೆಗೆ ಒಸ್ತಿಲೆಲ್ಲೈತೆ" ಅಂತ ಹುಲ್ಲಿನ ಮೇಲೆ ಕಂಬಳಿ ಹಾಸಿಬಿಟ್ಟರು.

ನಾನು ಅತ್ತೆಗೆ ಹೇಳಲು ಒಳಗೆ ಹೋದೆ. ಅವರಿಗೆ ಕೇಳಿಸಿತ್ತು. ಬಕೆಟ್ಟು ಎತ್ತಿಕೊಂಡು ಹೋಗಿ ಬೆಳ್ಳಿಯ ಪಕ್ಕ ಕೂತರು. ಸಂಜೆಗೆ ಇನ್ನೂ ಹೊತ್ತಿತ್ತು, ಹಾಲು ಕರೆಯುವ ಸಮಯವೇ ಅಲ್ಲ. ಮಾವನ ಮುಖ ನೋಡದೆಯೇ "ಅಗ್ಗ ಇಡ್ಕಳಿ" ಅಂದರು. ಮಾವ ಹಿಡಿದುಕೊಂಡರು. ಹನ್ನೆರಡು ತಿಂಗಳ ಮಾತು ಅಲ್ಲಿಗೆ ಮುಗಿಯಿತು. ನಾನು ವಿಡಿಯೋ ತೆಗೆಯಲಿಲ್ಲ, ಬಾಯಿಗೆ ಸೆರಗು ಇಟ್ಟುಕೊಂಡು ನಿಂತಿದ್ದೆ.

ಈಗ ಐದು ದಿನದಿಂದ ಅಲ್ಲೇ ಇದ್ದಾರೆ. ಇವರು ಮಂಚ ಕೊಟ್ಟಿಗೆಗೆ ಸಾಗಿಸಿದರು. ಅತ್ತೆ ಮುದ್ದೆ ಅಲ್ಲಿಗೇ ಒಯ್ಯುತ್ತಾರೆ, ಅಲ್ಲೇ ಕೂತು ಬೈಯುತ್ತಾರೆ. ಕಿತ್ತ ನೆಟ್ಟು ಹಾಕಲು ಯಾರೂ ಕೇಳಿಲ್ಲ. ಆ ಕಡೆ ಏನಾಗಿದೆಯೋ ತಿಳಿಯದು. ತಮ್ಮನ ಮನೆಗೆ ಅಪ್ಪ ಹೋದದ್ದನ್ನು ಭಾವ ಸಹಿಸುವ ಆಸಾಮಿಯಲ್ಲ.

ಮಾವ ಇವತ್ತು ನನ್ನನ್ನು ಕರೆದು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಿಮ್ ಓಲೆ ಯವಾರ ನಂಗೊತ್ತು. ನಿಮ್ಮಕ್ಕಂಗೆ ಬರಿ. ಬಿಲ್ಲು ಇಳೀತು, ಓಗವ್ವ ಅಂದ್ರು ಅಂತ. ಯಾರನ್ನೂ ಇನ್ನೊಂದ್ ದಪ ಕೇಳ್ಬ್ಯಾಡ ಅನ್ನು."

ಕೇಳಬೇಡಿ ಅಕ್ಕ. ಕ್ಲೌಡಿನದು ಏನಿದ್ದರೂ ನನಗೆ ಹೇಳಿಕೊಟ್ಟು ಹೊರಡಿ. ನೀವು ಹೋದರೆ ನಾನೊಬ್ಬಳೇ ಆಗುತ್ತೇನೆ, ಅದನ್ನು ಬಚ್ಚಿಡುವುದಿಲ್ಲ. ಹೊರಡಿ.

ನಿಸರ್ಗ

*

ಚನ್ನರಾಯಪಟ್ಟಣ
2 ಜೂನ್ 2025

ನಿಸರ್ಗ,

ಮೇಲಿನ ಊರು ನೋಡಿದೆಯಲ್ಲ.

ನಿನ್ನ ಭಾವನನ್ನು ಕೇಳಲಿಲ್ಲ, ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಪ್ಪನೂ ಓದ, ನೀನೂ ಓಗು. ತಿರ್ಗ ಯಾವತ್ ಬರ್ಬೇಕು ಅಂತ ನಾನ್ ಏಳ್ತೀನಿ" ಅಂದರು. ಭಾನುವಾರ ಹೋದರೆ ಬಾಗಿಲು ತೆಗೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಕೈಯಲ್ಲಿ ಒಂದು ಬ್ಯಾಗಿದೆ. ಬಸ್ಸಿನಲ್ಲಿ ಟೋಲ್‌ಗೇಟ್ ದಾಟುವವರೆಗೂ ಯಾರೋ ಹಿಂದೆ ಕರೆಯುತ್ತಾರೆ ಅಂತ ಕತ್ತು ತಿರುಗಿಸಿಕೊಂಡೇ ಕೂತಿದ್ದೆ. ಯಾರೂ ಕರೆಯಲಿಲ್ಲ, ಅದಕ್ಕೂ ಅಳು ಬಂತು.

ಹೊರಡುವ ಮುಂಚೆ ಮುಂಬೈಯಲ್ಲಿದ್ದ ನಮ್ಮದನ್ನೆಲ್ಲ ಪೇಜಿನ ಸಮೇತ ಹೈದರಾಬಾದಿಗೆ, ನಿಮ್ಮದರ ಪಕ್ಕಕ್ಕೆ ಸಾಗಿಸಿದೆ. ಒಂದು ಸಲದ ಟೋಲು ಬಿತ್ತು, ಬೀಳಲಿ. ಇನ್ನು ಎರಡು ಮನೆಯ ಹಸುವೂ ಒಂದೇ ಊರಲ್ಲಿ. ಪಟ್ಟಿಯಲ್ಲಿ ಬರೆದದ್ದನ್ನು ಮೀರಿದ್ದೇನೆ, ನಿನ್ನ ಭಾವನಿಗೆ ತಿಳಿದ ದಿನ ತಿಳಿಯಲಿ. ಪಾಸ್‌ವರ್ಡು ಅತ್ತೆ ಬೆಳ್ಳಿಗೆ ಅನ್ನುವ ಮಾತು, ಇಂಗ್ಲಿಷ್ ಅಕ್ಷರದಲ್ಲಿ.

ಮಾದಯ್ಯನ ವ್ಯಾನು ಈ ಕಡೆ ಬರುವುದಿಲ್ಲ. ಅದಕ್ಕೆ ಪೋಸ್ಟಾಫೀಸಿಗೆ ಬಂದೆ. ಒಳಗೊಳಗೇ ಓಡಾಡುತ್ತಿದ್ದಾಗ ನಮ್ಮ ಓಲೆಗೆ ಯಾರೂ ಏನೂ ಕೇಳಿರಲಿಲ್ಲ. ಇಲ್ಲಿ ಕೌಂಟರಿನಲ್ಲಿರುವ ಹೆಂಗಸು ಐದು ರೂಪಾಯಿ ಅಂದಳು. ಕೊಟ್ಟು, ಸ್ಟ್ಯಾಂಪು ನಾನೇ ಅಂಟಿಸಿದೆ.

ಸ್ನೇಹಲತಾ